ಸೆನೆಟರಿಗೊಂದು ಹಂದಿ ಅಮಲ್ದಾರಿಕೆ

ಮಾರ್ಚ್ ತಿಂಗಳ ಊರಸಭೆಯ ಹಿಂದಿನ ದಿನ ಹುಲ್ಡಾ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ಕಾಕಂಬಿಯನ್ನೂ ಶುಂಠಿಯನ್ನೂ ಹಾಕಿ ಕಲಸಿದ ಹಿಟ್ಟನ್ನು ತಗಡಿಗೆ ಹರವುವುದು, ಗೂಡೊಲೆಯೊಳಗೆ ತಳ್ಳುವುದು, ಬೆಂದದ್ದನ್ನು ತೆಗೆದು ಕಿಟಕಿಯ ಹಲಗೆಯ ಮೇಲೆ ಆರಲು ಬಿಡುವುದು. ಕಿಟಕಿ ತುಂಬಿತು, ಮೇಜು ತುಂಬಿತು, ಈಗ ಗೋಡೆ ಪಕ್ಕದ ಬೆಂಚೂ ತುಂಬುತ್ತಾ ಬಂದಿತ್ತು. ಅಡುಗೆಮನೆಯ ಬೆಕ್ಕಿಗೆ ಮಲಗಲು ಜಾಗವಿಲ್ಲದೆ ಅದು ಸೌದೆಯ ಪೆಟ್ಟಿಗೆಯ ಮೇಲೆ ಮುಖ ಊದಿಸಿಕೊಂಡು ಕೂತಿತ್ತು.

ಟ್ರೈಫೀನಾ ಒಳಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಅವಳು ಹುಲ್ಡಾಳ ಗಂಡ ಜೋಥಮ್ ಬರ್ಬ್ಯಾಂಕನ ಮೊದಲ ಹೆಂಡತಿಯ ಮಗಳು. ಕೌಂಟಿ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟವನನ್ನು ಮದುವೆಯಾಗಿದ್ದಳು. ಮೊನ್ನೆ ಹಿಮಗಾಡಿಯಲ್ಲಿ ಬಂದಿಳಿದಿದ್ದಳು. ಹುಲ್ಡಾಳನ್ನು ಅಮ್ಮ ಎಂದೂ ಕರೆಯುತ್ತಿರಲಿಲ್ಲ, ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. ಕರೆಯಬೇಕಾದಾಗ ಹತ್ತಿರ ಬಂದು ನಿಲ್ಲುತ್ತಿದ್ದಳು, ಅಷ್ಟೆ.

"ಇಷ್ಟೊಂದು ಕೇಕು ಯಾರಿಗೆ?" ಎಂದು ಕೇಳಿದಳು.

"ನಾಳೆ ಸಭೆಗೆ."

"ನಾಲ್ಕು ಮನೆಯವರು ಸೇರಿದ್ರೂ ಇಷ್ಟು ಮಾಡಲ್ಲ." ಟ್ರೈಫೀನಾ ಒಂದು ಹೆಜ್ಜೆ ಒಳಗೆ ಬಂದಳು. "ನೀವೇನು ಅಂದ್ಕೊಂಡಿದೀರಿ ಅಂತ ನಂಗೆ ಗೊತ್ತು. ಆ ಹಂದಿ ಅಮಲ್ದಾರಿಕೆ ಅಪ್ಪನ ತಲೆಗೆ ಬರಲ್ಲ. ನಾನು ನೆನ್ನೆ ಸಭೆ ನಡೆಸೋ ಡೀಕನ್ ವಿಟ್ಕಮ್ಮರ ಮನೆಗೇ ಹೋಗಿ ಹೇಳಿ ಬಂದೆ. ದಯವಿಟ್ಟು ಅಪ್ಪನ ಹೆಸರು ಕೂಗಬೇಡಿ, ಅವರು ಈ ದೇಶದ ಸೆನೆಟ್‌ನಲ್ಲಿ ಕೂತು ಬಂದವರು ಅಂದೆ. ಅವರಂತೂ, 'ಅಯ್ಯೋ ತಾಯಿ, ನೀನು ಹೇಳಬೇಕಾ, ನಮಗೆ ಅಷ್ಟೂ ತಿಳಿಯೋದಿಲ್ವಾ' ಅಂತ ಟೋಪಿ ತೆಗೆದು ಹೇಳಿದ್ರು."

ಹುಲ್ಡಾ ತಗಡನ್ನು ಹಿಡಿದ ಬಟ್ಟೆಯನ್ನು ಬಿಡಲಿಲ್ಲ. ಆದರೆ ಅದನ್ನು ಎಲ್ಲಿಡಬೇಕೆಂದು ಅವಳಿಗೆ ಮರೆತುಹೋಯಿತು.

"ಟೋಪಿ ತೆಗೆದ್ರಾ?" ಅಂದಳು ಕೊನೆಗೆ.

"ಮತ್ತೆ?"

"ಏನಿಲ್ಲ."

ಹಂದಿ ಅಮಲ್ದಾರಿಕೆಯೆಂದರೆ ಒಂದು ಕಾಲದಲ್ಲಿ ನಿಜವಾದ ಕೆಲಸವೇ. ಊರು ಹೊಸದಾಗಿ ಕಾಡು ಕಡಿದು ಕೂತಾಗ ಹಂದಿಗಳು ಬೇಕಾದಂತೆ ಅಲೆಯುತ್ತಿದ್ದವು. ಜೋಳದ ಹೊಲಕ್ಕೆ ನುಗ್ಗಿದವನ್ನು ಹಿಡಿದು ದೊಡ್ಡಿಗೆ ಕೂಡಲು, ಹಂದಿಯ ಮೂಗಿಗೆ ಬಳೆ ಹಾಕಿಲ್ಲದವರಿಗೆ ದಂಡ ಹಾಕಲು ಒಬ್ಬ ಗಟ್ಟಿಗ ಬೇಕಾಗಿತ್ತು. ಈಗ ಹಂದಿಗಳು ಗೂಡಿನೊಳಗಿದ್ದವು, ಕೆಲಸ ಹೋಗಿತ್ತು, ಹುದ್ದೆ ಮಾತ್ರ ಉಳಿದಿತ್ತು. ಹಿಂದಿನ ಊರಸಭೆಯಿಂದ ಈಚೆಗೆ ಮದುವೆಯಾದ ಗಂಡಸರಿಗೆಲ್ಲ ಈ ಬ್ರಾಡ್‌ಬ್ರೂಕ್ ಊರಿನವರು ಅದನ್ನು ಕಟ್ಟುತ್ತಿದ್ದರು. ಬೈಬಲ್ಲಿನ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸುತ್ತಿದ್ದರು. ಆಮೇಲೆ ಅವನ ಹೆಂಡತಿ ಸಭೆಗೆ ಬಂದವರಿಗೆಲ್ಲ ಶುಂಠಿ ಕೇಕು ಕೊಡಬೇಕು, ಊರಿನವರು ತಿಂದು ಅವಳ ಕೈರುಚಿಯನ್ನೂ ಅವನ ಮುಖವನ್ನೂ ಬೇಕಾದಷ್ಟು ಆಡಿಕೊಳ್ಳಬೇಕು.

ಹುಲ್ಡಾ ಬೆಟ್ಟದ ಆಚೆಯಿಂದ ಈ ಊರಿಗೆ ಮೊದಲ ಸಲ ಮದುವೆಯಾಗಿ ಬಂದಾಗ ಇನ್ನೂ ಹುಡುಗಿ. ಆ ಚಳಿಗಾಲವಿಡೀ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರು ಅವಳ ಬಾನೆಟ್ ಟೋಪಿಯನ್ನು ನೋಡುತ್ತಿದ್ದರೇ ಹೊರತು ಅವಳನ್ನು ನೋಡುತ್ತಿರಲಿಲ್ಲ. ಮಾರ್ಚಿನಲ್ಲಿ ಅವಳ ಗಂಡ ಸೈಲಸ್ ಹಂದಿ ಅಮಲ್ದಾರನಾದ. ಸಂಜೆ ಅರ್ಧ ಊರು ಅವಳ ಅಡುಗೆಮನೆಯಲ್ಲಿತ್ತು. ಯಾರೋ ಒಂದು ಮರಿಹಂದಿಯ ಕುತ್ತಿಗೆಗೆ ರಿಬ್ಬನ್ ಕಟ್ಟಿ ತಂದು ಅವಳ ಮಡಿಲಿಗೇ ಹಾಕಿದ್ದರು. ಅವಳು ಕಿರುಚಿದಳು, ಆಮೇಲೆ ನಕ್ಕಳು. ಮಾರನೆಯ ದಿನದಿಂದ ಅವಳು 'ನಮ್ಮ ಹುಲ್ಡಾ' ಆದಳು. ಮುಂದೆ ತನ್ನ ಎರಡು ಎಳೆಗೂಸುಗಳನ್ನು ಮಣ್ಣಿಗಿಟ್ಟಾಗಲೂ, ಮರ ಬಿದ್ದು ಸೈಲಸ್ ಹೋದಾಗಲೂ ಆ ಹೆಂಗಸರೇ ಬಂದು ಅವಳ ಒಲೆ ಹಚ್ಚಿದ್ದು.

ಅದು ಅವಳ ಕಥೆಯಾಯಿತು. ಜೋಥಮನದು ಬೇರೆ. ಅವನು ಇದೇ ಊರಿನಲ್ಲಿ, ನ್ಯೂ ಹ್ಯಾಂಪ್‌ಶೈರಿನ ಇದೇ ಕಲ್ಲುಗುಡ್ಡದಲ್ಲಿ ಹುಟ್ಟಿ ಬೆಳೆದವನು. ವಕೀಲಿ ಕಲಿತು, ನ್ಯಾಯಾಧೀಶರ ಹಿಂದೆ ಕುದುರೆಯ ಮೇಲೆ ಊರೂರು ತಿರುಗಿ ವಾದ ಮಾಡಿ ಹೆಸರು ಮಾಡಿದವನು. ಅಲ್ಲಿಂದ ರಾಜ್ಯದ ಸಭೆಗೆ, ಅಲ್ಲಿಂದ ವಾಷಿಂಗ್ಟನ್ನಿನ ಸೆನೆಟ್ಟಿಗೆ. ಅಲ್ಲೇ ಬಾಡಿಗೆ ಕೋಣೆಯೊಂದರಲ್ಲಿ ಅವನ ಮೊದಲ ಹೆಂಡತಿ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಒಂದು ಮಸೂದೆಗೆ ಅವನು ಕೈ ಎತ್ತಲಿಲ್ಲವೆಂದು ಪಕ್ಷದವರು ಕೈಬಿಟ್ಟರು. ತಲೆ ನರೆತು, ಒಂದು ಗಾಡಿ ಪುಸ್ತಕ ಹೇರಿಕೊಂಡು ಊರಿಗೆ ಬಂದ. ರಸ್ತೆಯ ಪಕ್ಕ ಒಂದು ಕೋಣೆಯ ಕಚೇರಿ ತೆರೆದು, ಒಲೆ ಉರಿಸಿಕೊಂಡು ಕೂತ.

ಯಾರೂ ಬರಲಿಲ್ಲ. ದ್ವೇಷದಿಂದಲ್ಲ. ಮಸೂದೆಯ ವಿಷಯದಲ್ಲಂತೂ ಊರು ಅವನ ಪರವಾಗಿಯೇ ಇತ್ತು. ಆದರೆ ಹಸು ಹಾಯ್ದದ್ದು, ನೀರಿನ ಕಾಲುವೆ ತಿರುಗಿಸಿದ್ದು, ಇಂಥ ಜುಜುಬಿ ತಕರಾರನ್ನು ದೇಶ ಆಳಿದವನ ಮುಂದೆ ಹೇಗೆ ಇಡುವುದು? ಟೋಪಿ ತೆಗೆದು, "ಸೆನೆಟರ್ ಸಾಹೇಬ್ರು ಆರಾಮವಾ?" ಅಂದು, ಹನ್ನೆರಡು ಮೈಲಿ ನಡೆದು ಪಟ್ಟಣದ ವಕೀಲನ ಹತ್ತಿರ ಹೋಗುತ್ತಿದ್ದರು. ಅವನು ಅಂಗಡಿಗೆ ಕಾಲಿಟ್ಟರೆ ಒಲೆಯ ಸುತ್ತ ನಡೆಯುತ್ತಿದ್ದ ಹರಟೆ ನಿಂತು ಎಲ್ಲರೂ ಎದ್ದು ಕುರ್ಚಿ ಕೊಡುತ್ತಿದ್ದರು. ಅವನು ಕೂತ ಮೇಲೆ ಯಾರಿಗೂ ಮಾತು ಹೊಳೆಯುತ್ತಿರಲಿಲ್ಲ.

ಹುಲ್ಡಾಳ ಕುರಿಗಳು ಅವನ ಪಾಳುಬಿದ್ದ ಸೇಬಿನ ತೋಟಕ್ಕೆ ನುಗ್ಗಿದ ದಿನ ಅವಳು ಓಡಿಹೋಗಿ ನೋಡಿದರೆ, ಅವನು ಛತ್ರಿ ಹಿಡಿದು ನಿಂತು ಟಗರಿಗೆ ಸಮಾಧಾನದಿಂದ ಬುದ್ಧಿ ಹೇಳುತ್ತಿದ್ದ. ಅವಳಿಗೆ ತಡೆಯಲಾಗದ ನಗು ಬಂತು. "ಅದಕ್ಕೆ ಇಂಗ್ಲಿಷ್ ಬರಲ್ಲ ಸಾಹೇಬ್ರೇ, ಕಲ್ಲು ಬೀಸಿ," ಅಂದಳು. ಅವನೂ ನಕ್ಕ. ಊರಿಗೆ ಬಂದಮೇಲೆ ಅವನು ನಕ್ಕದ್ದು ಅದೇ ಮೊದಲೆಂದು ಆಮೇಲೆ ಹೇಳಿದ. ನವೆಂಬರಿನಲ್ಲಿ ಮದುವೆಯಾದರು.

ಮದುವೆಯಿಂದ ಅವಳ ಮನೆ ತುಂಬಿತು, ಅವನ ಕಚೇರಿ ತುಂಬಲಿಲ್ಲ. ಬಾಸ್ಟನ್ನಿನ ಹಳೆಯ ಗೆಳೆಯನೊಬ್ಬ ತನ್ನ ಜೊತೆ ವಕೀಲಿ ಮಾಡಲು ಕರೆಯುತ್ತಿದ್ದ. ಅಳಿಯನೂ ಮಗಳೂ ಹೋಗು ಹೋಗು ಎನ್ನುತ್ತಿದ್ದರು. "ಊರಸಭೆ ಮುಗೀಲಿ, ಆಮೇಲೆ ತೀರ್ಮಾನ ಮಾಡೋಣ," ಎಂದಿದ್ದ ಜೋಥಮ್. ಹೋದರೆ ಹುಲ್ಡಾ ಹೋಗಲೇಬೇಕು. ಕುರಿ ಮಾರಬೇಕು, ಮೇಪಲ್ ತೋಪು ಬಿಡಬೇಕು, ಗುಡ್ಡದ ಮೇಲಿನ ಮೂರು ಸಮಾಧಿಗಳ ಹುಲ್ಲು ಕೀಳುವವರಿರುವುದಿಲ್ಲ. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಹುಟ್ಟಿದೂರಿಗೆ ಬಂದು ಬೇರು ಬಿಡಲಾಗದವನು ಬಾಸ್ಟನ್ನಿನ ಕಲ್ಲುಹಾಸಿನ ಮೇಲೆ ಬಿಡುತ್ತಾನೆಯೆ? ಊರು ಅವನನ್ನು ನಾಳೆ ಆಡಿಕೊಂಡು ನಕ್ಕರೆ ಅವನು ಇಲ್ಲಿಯವನಾಗುತ್ತಾನೆ. ನಗದೆ ಟೋಪಿ ತೆಗೆದರೆ ಮುಗಿಯಿತು. ಆ ಲೆಕ್ಕದಲ್ಲೇ ಅವಳು ಅಷ್ಟು ಹಿಟ್ಟು ಕಲಸಿದ್ದು.

ಕೊನೆಯ ತಗಡನ್ನು ಒಲೆಗೆ ತಳ್ಳಿ ಅವಳು ಕೊಟ್ಟಿಗೆಯ ಕಡೆ ಹೋದಳು. ಸೈಲಸನ ತಮ್ಮ ರೂಬೆನ್ ಕುರಿಗಳಿಗೆ ಹುಲ್ಲು ಹಾಕುತ್ತಿದ್ದ. ಅಣ್ಣ ಸತ್ತ ಮೇಲೆ ಅತ್ತಿಗೆಯ ಹೊಲಗೆಲಸವನ್ನೆಲ್ಲ ನೋಡಿಕೊಂಡವನು ಅವನೇ. ಪ್ರತಿವರ್ಷ ಸಭೆಯಲ್ಲಿ ಹಂದಿ ಅಮಲ್ದಾರರ ಹೆಸರು ಸೂಚಿಸಿ ಮದುಮಕ್ಕಳ ಬೆವರಿಳಿಸುತ್ತಿದ್ದವನೂ ಅವನೇ.

"ನಾಳೆ ಯಾರ್ಯಾರೋ?" ಅಂದಳು ಹುಲ್ಡಾ.

"ಲೀವೈ ಮೂಡಿ, ಆ ಗಿರಣಿಯ ಹೈರಮ್."

"ಅಷ್ಟೇನಾ?"

ರೂಬೆನ್ ಕವಗೋಲನ್ನು ಹುಲ್ಲಿಗೆ ಚುಚ್ಚಿ ನಿಂತ. "ಅತ್ತಿಗೆ, ನೀನು ಏನು ಕೇಳ್ತಿದೀಯ ಗೊತ್ತು. ನನ್ನ ಕೈಲಾಗಲ್ಲ. ನಾನು ಎದ್ದು ಆ ಮನುಷ್ಯನ ಹೆಸರು ಹೇಳಿದ್ರೆ ಜನ ಏನಂತಾರೆ? ಅಣ್ಣನ ಜಾಗದಲ್ಲಿ ಕೂತ ಅಂತ ಹೊಟ್ಟೆಕಿಚ್ಚಿಗೆ ಮರ್ಯಾದೆ ತೆಗೀತಿದಾನೆ ಅಂತಾರೆ. ಅವನೂ ಹಾಗೇ ಅಂದ್ಕೊಂಡ್ರೆ?"

"ನಿನಗೆ ಹೊಟ್ಟೆಕಿಚ್ಚು ಇದೆಯಾ?"

"ಮೊದಲು ಇತ್ತು. ಈಗ ಪಾಪ ಅನ್ಸುತ್ತೆ." ಅವನು ಕತ್ತು ಕೆರೆದುಕೊಂಡ. "ಮೊನ್ನೆ ಸೇತುವೆ ಹತ್ರ ಸಿಕ್ದ. 'ಏನ್ ಸಾಹೇಬ್ರೇ, ಹೊಸ ಮದುವಣಿಗರಿಗೆ ಚಳಿ ಹೆಂಗಿದೆ' ಅಂದೆ. 'ವಾಡಿಕೆಗಿಂತ ಸ್ವಲ್ಪ ಜಾಸ್ತಿ' ಅಂದ, ಟೋಪಿ ಮುಟ್ಕೊಂಡು ಹೋದ. ಅಂಥವನ ಹತ್ರ ಏನು ಆಡ್ಕೊಳ್ಳೋದು ಹೇಳು? ಕಲ್ಲಿಗೆ ಕಚಗುಳಿ ಇಟ್ಟಂಗೆ."

ಹುಲ್ಡಾ ಕೊಟ್ಟಿಗೆಯಿಂದ ಹೊರಗೆ ಬಂದಳು. ಬೇಡಿ ಪಡೆದ ಹಾಸ್ಯ ಹಾಸ್ಯವಲ್ಲವೆನ್ನುವುದೂ ಅವಳಿಗೆ ಗೊತ್ತಿತ್ತು. ಡೀಕನ್ನನ ಮನೆಗೆ ಹೋಗಿ, ನನ್ನ ಗಂಡನನ್ನು ದಯವಿಟ್ಟು ಗೇಲಿ ಮಾಡಿ ಎಂದು ಯಾವ ಹೆಂಗಸು ಕೇಳಿಯಾಳು?

ಮಧ್ಯಾಹ್ನ ಬಿಸಿಲು ಏರಿದಾಗ ಮೇಪಲ್ ಮರಗಳಿಗೆ ಕೊರೆದ ತೂತುಗಳಿಂದ ಸಿಹಿನೀರು ತೊಟ್ಟಿಕ್ಕಲು ಶುರುವಾಯಿತು. ಜೋಥಮ್ ತನ್ನ ವಾಷಿಂಗ್ಟನ್ನಿನ ತೆಳು ಬೂಟುಗಳಲ್ಲೇ ಹಿಮ ತುಳಿಯುತ್ತಾ, ಹೆಗಲ ಮೇಲೆ ನೊಗದಂಥ ಅಡ್ಡೆ ಹೊತ್ತು ಮರದಿಂದ ಮರಕ್ಕೆ ಹೋಗಿ ಬಕೆಟ್ಟಿನ ಸಿಹಿನೀರನ್ನು ತರುತ್ತಿದ್ದ. ಹುಲ್ಡಾ ಅದನ್ನು ಸಕ್ಕರೆಯಾಗಿ ಕಾಯಿಸುವ ದೊಡ್ಡ ಕಡಾಯಿಯ ಪಕ್ಕ ನಿಂತು ಉರಿ ಕೆದಕುತ್ತಾ, ಉಕ್ಕುವ ನೊರೆ ಇಳಿಯಲೆಂದು ಹಂದಿಕೊಬ್ಬಿನ ತುಂಡನ್ನು ಅದ್ದಿ ಅದ್ದಿ ತೆಗೆಯುತ್ತಿದ್ದಳು. ಅರ್ಧ ನೀರು ದಾರಿಯಲ್ಲಿ ಚೆಲ್ಲಿಸಿಕೊಂಡು ಬಂದರೂ ಅವನ ಮುಖದಲ್ಲಿ ಒಂದು ಥರದ ಖುಷಿಯಿತ್ತು.

"ನಾಳೆ ಹೋಗ್ತೀರಾ?" ಅಂದಳು.

"ಹೋಗದೆ? ಸೇತುವೆ ವಿಷಯ ಬರುತ್ತೆ, ಶಾಲೆ ವಿಷಯ ಬರುತ್ತೆ. ಮೂಲೆಯಲ್ಲಿ ಕೂತಿರ್ತೀನಿ."

"ಹಂದಿ ಅಮಲ್ದಾರರ ವಿಷಯಾನೂ ಬರುತ್ತೆ."

ಅವನು ಬಕೆಟ್ಟನ್ನು ಇಳಿಸಿದ. "ಕರೀತಾರೆ ಅಂತ ಭಯಾನಾ ನಿನಗೆ?"

"ಕರೆಯಲ್ಲ ಅಂತ."

"ಹುಲ್ಡಾ, ನನಗೆ ಅರುವತ್ತು ಹತ್ತಿರ ಬಂತು. ಮಾಡಿದ್ರೆ ಗೇಲಿಗೇ ಮಾಡ್ತಾರೆ."

"ಗೇಲಿಗೇ. ಮತ್ತೆ ಯಾವುದಕ್ಕೆ?" ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಗೋರಿಕಲ್ಲನ್ನ ಯಾರಾದ್ರೂ ಗೇಲಿ ಮಾಡ್ತಾರಾ? ಅದಕ್ಕೆ ಟೋಪಿ ತೆಗೀತಾರೆ. ನಿಮಗೂ ಅದನ್ನೇ ಮಾಡ್ತಿದಾರೆ. ನಾನು ಈ ಊರಿಗೆ ಬಂದಾಗ ನನಗೆ ಯಾರೂ ಇರಲಿಲ್ಲ. ಸೈಲಸನ ಹೆಸರು ಕೂಗಿದ ದಿನ ನಾನು ಈ ಊರವಳಾದೆ. ಆ ಇಬ್ಬರು ಹುಡುಗಿಯರು ನಾಳೆ ಕೇಕು ಹಂಚ್ತಾರೆ, ನಾನು ಬುಟ್ಟಿ ಮುಚ್ಕೊಂಡು ಮನೆಗೆ ಬರ್ತೀನಿ. ಬಾಸ್ಟನ್ನಿಗೆ ಹೋಗೋಣ ಅಂದ್ರೆ ಬರ್ತೀನಿ, ಇಲ್ಲ ಅನ್ನಲ್ಲ. ಆದ್ರೆ ಊರು ನಮ್ಮನ್ನ ಗಂಡ ಹೆಂಡತಿ ಅಂತ ಒಂದು ಸಲ ನೋಡಿ ನಕ್ಕಿಲ್ಲ ಅನ್ನೋದು ನನ್ನ ಹೊಟ್ಟೆಯಲ್ಲಿ ಇರುತ್ತೆ."

ಇಷ್ಟುದ್ದ ಅವಳು ಅವನ ಮುಂದೆ ಎಂದೂ ಮಾತಾಡಿರಲಿಲ್ಲ. ಕಡಾಯಿ ಉಕ್ಕಿಬಂತು, ಅವಳು ತಿರುಗಿ ಕೊಬ್ಬು ಅದ್ದಿದಳು. ಅವನು ಖಾಲಿ ಬಕೆಟ್ಟುಗಳನ್ನು ಅಡ್ಡೆಗೆ ಸಿಕ್ಕಿಸಿಕೊಂಡು ಮರಗಳ ಕಡೆ ಹೋದ. ಮಗಳು ಡೀಕನ್ನನ ಮನೆಗೆ ಹೋಗಿಬಂದದ್ದನ್ನು ಹುಲ್ಡಾ ಹೇಳಲಿಲ್ಲ. ತಂದೆಗೂ ಮಗಳಿಗೂ ನಡುವೆ ಉಳಿದಿರುವುದು ಒಂದು ಎಳೆ. ಅದನ್ನು ತಾನು ಎಳೆಯಬಾರದು ಎಂದುಕೊಂಡಳು.

ಸಭೆ ಸೇರುವುದು ಪ್ರಾರ್ಥನಾ ಮಂದಿರದಲ್ಲೇ. ಗಂಡಸರು ಒಳಗೆ, ಹೆಂಗಸರು ಹೊರಗೆ. ಹೊರಗೆಂದರೆ ಕುದುರೆ ಕಟ್ಟುವ ಚಪ್ಪರದಲ್ಲಿ ಬೀನ್ಸಿನ ಮಡಕೆ, ಕಂದು ರೊಟ್ಟಿ, ಸೇಬಿನ ಬಿಸಿ ಸೈಡರ್ ಇಟ್ಟುಕೊಂಡು ಕಾಯುವುದು. ಒಳಗೆ ಜನ ಹೆಚ್ಚಾಗಿ ಒಲೆಯ ಕಾವು ತಡೆಯದೆ ಯಾರೋ ಕಿಟಕಿ ಎತ್ತಿದ್ದರು. ಹುಲ್ಡಾ ತನ್ನ ಎರಡು ಬುಟ್ಟಿಗಳನ್ನು ಚಪ್ಪರದ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟು ಆ ಕಿಟಕಿಯ ಕೆಳಗೆ, ಕರಗುತ್ತಿದ್ದ ಹಿಮದಲ್ಲಿ ನಿಂತಳು. ಟ್ರೈಫೀನಾಳೂ ಬಂದು ಪಕ್ಕ ನಿಂತಳು. ತನ್ನ ಮಾತು ನಡೆಯುತ್ತದೋ ಇಲ್ಲವೋ ನೋಡಲು ಬಂದಿದ್ದಳು.

ಸೇತುವೆಯ ಹಲಗೆಗೆ ಒಂದು ಗಂಟೆ ಜಗಳವಾಯಿತು. ಶಾಲೆಯ ಸೌದೆಗೆ ಇನ್ನಷ್ಟು. ಆಮೇಲೆ ಡೀಕನ್ ವಿಟ್ಕಮ್ಮನ ಮರದ ಸುತ್ತಿಗೆ ಬಡಿಯಿತು.

"ಹಂದಿ ಅಮಲ್ದಾರರು."

ಒಳಗೆ ಬೂಟುಗಳು ನೆಲ ಗುದ್ದಿದವು, ಸಿಳ್ಳೆ ಬಿತ್ತು. ರೂಬೆನ್ ಎದ್ದು ಲೀವೈ ಮೂಡಿಯ ಹೆಸರು ಹೇಳಿದ: ಹುಡುಗ ಹಂದಿಯನ್ನು ಹಿಡಿಯಲಾರನಾದರೂ ಹೆಂಡತಿ ಅವನನ್ನು ಹಿಡಿದಿರುವ ರೀತಿ ನೋಡಿದರೆ ಮನೆಯಲ್ಲಿ ಒಬ್ಬರಿಗಾದರೂ ಆ ಕೆಲಸ ಬರುತ್ತದೆ ಎಂದ. "ಹೌದು!" ಎಂದು ಸಭೆ ಕೂಗಿತು. ಹೈರಮನಿಗೂ ಹಾಗೆಯೇ ಒಂದು ಚಟಾಕಿ ಬಿತ್ತು, ಅವನಿಗೂ "ಹೌದು!" ಬಿತ್ತು. ಚಪ್ಪರದಲ್ಲಿ ಆ ಇಬ್ಬರು ಎಳೆಯ ಹೆಂಡಂದಿರು ಮುಖ ಕೆಂಪು ಮಾಡಿಕೊಂಡು ಬುಟ್ಟಿ ಬಿಚ್ಚತೊಡಗಿದರು.

"ಇಬ್ಬರೂ ಬಂದು ಪ್ರಮಾಣ ಮಾಡಿ," ಅಂದ ಡೀಕನ್. "ಮುಂದಿನ ವಿಷಯ, ದೊಡ್ಡಿಯ ಗೋಡೆ ರಿಪೇರಿ..."

ಟ್ರೈಫೀನಾ ಉಸಿರು ಬಿಟ್ಟಳು. ಹುಲ್ಡಾ ಕಾಲಿನ ಕಡೆ ನೋಡಿದಳು. ಹಿಮದ ನೀರು ಬೂಟಿನೊಳಗೆ ಇಳಿದದ್ದು ಆಗಲೇ ಅವಳಿಗೆ ಗೊತ್ತಾದದ್ದು. ಇನ್ನು ಚಪ್ಪರಕ್ಕೆ ಹೋಗಿ ಬುಟ್ಟಿಗಳನ್ನು ಎತ್ತಿಕೊಳ್ಳಬೇಕು. ಯಾರೂ ನೋಡದಂತೆ ಎತ್ತಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿರುವಾಗ, ಒಳಗೆ ಹಿಂದಿನ ಬೆಂಚು ಕಿರ್ರೆಂದಿತು.

"ಸಭಾಧ್ಯಕ್ಷರೇ."

ದೊಡ್ಡ ದನಿಯಲ್ಲ. ಆದರೆ ಸಿಳ್ಳೆ, ಕೆಮ್ಮು, ಬೂಟಿನ ಸದ್ದು ಎಲ್ಲ ನಿಂತವು.

"ಸೆನೆಟರ್ ಸಾಹೇಬ್ರು ಮಾತಾಡ್ತಾರಂತೆ, ಸುಮ್ನಿರ್ರಪ್ಪ," ಅಂದರು ಯಾರೋ.

"ನನ್ನದೊಂದು ಆಕ್ಷೇಪಣೆ ಇದೆ. ಕಳೆದ ಮಾರ್ಚಿನಿಂದ ಈಚೆಗೆ ಈ ಊರಲ್ಲಿ ಎಷ್ಟು ಮದುವೆ ಆಗಿದೆ ಅಂತ ಡೀಕನ್ನರು ಹೇಳಬೇಕು."

ಡೀಕನ್ ಗಂಟಲು ಸರಿಮಾಡಿಕೊಂಡ. "ಮೂರು... ಇರ್ಬೇಕು ಸಾಹೇಬ್ರೇ."

"ಹೆಸರು ಕೂಗಿದ್ದು?"

"ಎರಡು."

"ಹಾಗಾದ್ರೆ ಮೂರನೆಯದು ಮದುವೆ ಅಲ್ಲ ಅಂತ ಈ ಸಭೆ ತೀರ್ಮಾನಿಸಿದೆ. ಅದನ್ನ ಮಾಡಿಸಿದ ಪಾದ್ರಿಗಳು ಅಲ್ಲೇ ಒಲೆ ಪಕ್ಕ ಕೂತಿದಾರೆ. ಪಾದ್ರಿಗಳೇ, ನವೆಂಬರಲ್ಲಿ ನೀವು ನನಗೂ ಹುಲ್ಡಾಳಿಗೂ ಮಾಡಿಸಿದ್ದು ಏನು?"

ಮುದುಕ ಪಾದ್ರಿಯ ಸಣ್ಣ ದನಿ ಕೇಳಿಸಿತು: "ಮದುವೆ ಅಂತಲೇ ತಿಳ್ಕೊಂಡು ಊಟ ಮಾಡ್ಕೊಂಡು ಬಂದೆನಪ್ಪ."

ಯಾರೋ ಒಬ್ಬ ಪುಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಹುಲ್ಡಾ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು.

"ಸರಿ. ಈಗ ಎರಡೇ ದಾರಿ," ಎಂದ ಜೋಥಮ್. "ಒಂದೋ, ಆ ಹೆಂಗಸು ನನ್ನ ಹೆಂಡತಿ ಅಲ್ಲ. ಹಾಗಂತ ಯಾರಾದ್ರೂ ಎದ್ದು ಹೇಳೋದಾದ್ರೆ ಹೇಳಿ, ನಾನು ಕೋಟು ಬಿಚ್ತೀನಿ; ವಯಸ್ಸಾಗಿದೆ, ಒದೆ ತಿಂತೀನಿ, ಆದ್ರೂ ಬಿಚ್ತೀನಿ. ಇಲ್ಲದಿದ್ರೆ, ನಾನು ಈ ಊರಿನವನಲ್ಲ." ಅವನ ದನಿ ಇಳಿಯಿತು. "ಇಲ್ಲೇ ಹುಟ್ಟಿದೆ. ಈ ಬೆಂಚಿನ ಕೆಳಗೆ ಚಾಕುವಿನಲ್ಲಿ ಕೆತ್ತಿ ನಮ್ಮಪ್ಪನ ಕೈಲಿ ಏಟು ತಿಂದೆ. ಬಹಳ ವರ್ಷ ದೂರ ಇದ್ದೆ, ನಿಜ. ದೂರ ಇದ್ದು ಇದ್ದು ಮಾತಾಡೋದು ಮರೆತೆ, ಅದೂ ನಿಜ. ಅದಕ್ಕೆ ನಾನು ಈ ಊರಿನವನಲ್ಲ ಅನ್ನೋದಾದ್ರೆ, ಟೋಪಿ ತೆಗೆದು ಹೇಳಬೇಡಿ. ಮುಖಕ್ಕೆ ಹೇಳಿ. ಹೊರಟುಹೋಗ್ತೀನಿ."

ಈಗ ಯಾರೂ ನಗಲಿಲ್ಲ. ಟ್ರೈಫೀನಾ ಹುಲ್ಡಾಳ ತೋಳನ್ನು ಹಿಡಿದಿದ್ದಳು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

"ಹಾಗಲ್ಲ ಸಾಹೇಬ್ರೇ," ಡೀಕನ್ ತೊದಲಿದ. "ಗೌರವಕ್ಕೋಸ್ಕರ ನಾವು..."

"ಗೌರವ ಬೇಕಾದಷ್ಟು ತಿಂದಿದೀನಿ ಡೀಕನ್. ಹೊಟ್ಟೆ ತುಂಬಲಿಲ್ಲ."

ಮತ್ತೊಂದು ಬೆಂಚು ಕಿರ್ರೆಂದಿತು. "ಅಧ್ಯಕ್ಷರೇ," ರೂಬೆನ್ನನ ದನಿ, "ಅಭ್ಯರ್ಥಿಗೆ ನನ್ನದೊಂದು ಪ್ರಶ್ನೆ. ಹುದ್ದೆ ಸಣ್ಣದಲ್ಲ, ಸುಮ್ನೆ ಕೊಡೋಕಾಗಲ್ಲ. ಏನ್ ಜೋಥಮ್ ಬರ್ಬ್ಯಾಂಕರೇ, ಹಂದಿಯ ಮುಂದುಗಡೆ ಯಾವುದು, ಹಿಂದುಗಡೆ ಯಾವುದು ಅಂತ ಗುರುತು ಸಿಗುತ್ತಾ ನಿಮಗೆ?"

"ಹನ್ನೆರಡು ವರ್ಷ ವಾಷಿಂಗ್ಟನ್ನಿನಲ್ಲಿ ಕೂತಿದ್ದೆ ರೂಬೆನ್. ಎರಡೂ ಕಡೆಯಿಂದ ನೋಡಿದೀನಿ."

ಮಂದಿರದ ಮಾಡು ಹಾರಿಹೋಗುವಂತೆ ನಗು ಎದ್ದಿತು. ಬೆಂಚು ಗುದ್ದಿದರು, ಬೂಟು ಕುಟ್ಟಿದರು. ಸೂರಿನಿಂದ ಇಳಿಬಿದ್ದಿದ್ದ ಹಿಮದ ಕೋಲುಗಳು ಕಳಚಿ ಹುಲ್ಡಾಳ ಪಕ್ಕದಲ್ಲೇ ಬಿದ್ದು ಪುಡಿಯಾದವು. ಆ ಗದ್ದಲದ ಮೇಲೆ ರೂಬೆನ್ ಕೂಗುತ್ತಿದ್ದ: "ನಮ್ಮ ಅತ್ತಿಗೆ ಕೈಯಲ್ಲಿ ಪಾಸಾದವನಿಗೆ ಹಂದಿ ಯಾವ ಲೆಕ್ಕ? ಸೂಚಿಸಿದೀನಿ, ಬರ್ಕೊಳ್ಳಿ!"

"ಹೌದು!" ಎಂದಿತು ಸಭೆ. ಡೀಕನ್ನನ ಸುತ್ತಿಗೆ ಯಾರಿಗೂ ಕೇಳಿಸಲಿಲ್ಲ.

"ಅಪ್ಪ ಹೀಗೆ ಮಾತಾಡಿದ್ದು ಕೇಳಿ ಎಷ್ಟು ಕಾಲ ಆಯ್ತು," ಅಂದಳು ಟ್ರೈಫೀನಾ, ಯಾರಿಗೂ ಅಲ್ಲದಂತೆ. "ನಾನು ಚಿಕ್ಕವಳಿದ್ದಾಗ ಕಚೇರಿ ಮೇಜಿನ ಕೆಳಗೆ ಕೂತು ಕೇಳ್ತಿದ್ದೆ. ಅಮ್ಮ ಬೈತಿದ್ರು. ವಾಷಿಂಗ್ಟನ್ನಿನಲ್ಲಿ ಈ ದನಿ ಇರಲೇ ಇಲ್ಲ." ಕಣ್ಣೊರೆಸಿಕೊಂಡಳು. ಆಮೇಲೆ ಹುಲ್ಡಾಳ ಕಡೆ ತಿರುಗಿ, "ನಿಂತ್ಕೊಂಡ್ರೆ ಹೇಗೆ? ಬುಟ್ಟಿ ಎಲ್ಲಿ? ಅವರೆಲ್ಲ ಈಗ ಹೊರಗೆ ಬಂದ್ಬಿಡ್ತಾರೆ," ಎಂದು ಚಪ್ಪರದ ಕಡೆ ಓಡಿದಳು.

ಕೇಕು ಸಾಲಲಿಲ್ಲ. ಒಬ್ಬ ಅದನ್ನು ಗೋಡೆಗೆ ಬಡಿದು ನೋಡಿ, ದೊಡ್ಡಿ ರಿಪೇರಿಗೆ ಇದೇ ಆಗುತ್ತದೆ, ಕಲ್ಲು ಬೇಡ ಎಂದ. ಆಮೇಲೆ ಮೂರು ತುಂಡು ತಿಂದ. ಊರ ಅಂಗಡಿಯವನ ಹೆಂಡತಿ ಬಂದು, "ಎರಡನೇ ಸಲ ಹಂದಿ ಅಮಲ್ದಾರಿಣಿ ಆಗೋದು ಅಂದ್ರೆ ಪುಣ್ಯ ಬೇಕು ಕಣೇ ಹುಲ್ಡಾ," ಎಂದು ಅವಳ ಸೊಂಟ ತಿವಿದಳು. ಹುಲ್ಡಾ ಜನರ ನಡುವೆ ಗಂಡನನ್ನು ಹುಡುಕಿದಳು. ಯಾರೋ ಅವನ ಎತ್ತರದ ರೇಷ್ಮೆ ಟೋಪಿಗೆ ಹಂದಿಯ ಬಾಲದಂತೆ ಒಂದು ಹಗ್ಗದ ಸುರುಳಿ ಕಟ್ಟಿದ್ದರು. ಅವನಿಗೆ ಗೊತ್ತಿತ್ತೋ ಇಲ್ಲವೋ, ಹಾಗೇ ನಿಂತು ಸೇತುವೆಯ ಹಲಗೆಯ ವಿಷಯ ಮಾತಾಡುತ್ತಿದ್ದ.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ಹುಲ್ಡಾ ನಂಬಲಿಲ್ಲ. ನಗು ಒಂದು ದಿನದ್ದು. ಬಾಸ್ಟನ್ನಿನ ವಿಷಯವನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಟ್ರೈಫೀನಾ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಳು. ಹುಲ್ಡಾ ಗಂಜಿ ಬಡಿಸುತ್ತಿದ್ದಳು. ಹೊರಗೆ ಯಾರೋ ಬಾಗಿಲು ಬಡಿಯದೆಯೇ ಕೂಗಿದರು:

"ಏಯ್ ಅಮಲ್ದಾರ! ಎದ್ದಿದೀಯಾ? ನಿನ್ನ ಸರ್ಕಾರದಲ್ಲಿ ಏನಿದು ಅನ್ಯಾಯ!"

ಮೇಲಿನ ಗುಡ್ಡದ ಆಬ್ನರ್ ಟಾರ್‌ಬಾಕ್ಸ್. ಅವನ ದೊಡ್ಡ ಹೆಣ್ಣುಹಂದಿ ಗೂಡು ಮುರಿದುಕೊಂಡು ರಸ್ತೆಗೆ ಬಂದಿತ್ತು. ನಿಜವಾಗಿ ಮುರಿದುಕೊಂಡಿತ್ತೋ ಅವನೇ ಬಿಟ್ಟುಕೊಂಡು ಬಂದಿದ್ದನೋ ದೇವರಿಗೇ ಗೊತ್ತು. ಅವನ ಹಿಂದೆ ಬೇಲಿಯ ಮೇಲೆ ಕೂತು ನೋಡಲು ಆಗಲೇ ನಾಲ್ಕು ಜನ ಸೇರಿದ್ದರು. ಜೋಥಮ್ ಬಾಯಿಯಲ್ಲಿದ್ದ ಗಂಜಿ ನುಂಗಿ, ಕೋಟು ಕೂಡ ಹಾಕದೆ ಹೊರಗೆ ನಡೆದ.

ಕಿಟಕಿಯಲ್ಲಿ ಹುಲ್ಡಾ, ಅವಳ ಭುಜದ ಮೇಲಿಂದ ಟ್ರೈಫೀನಾ. ಹಂದಿ ಅವನನ್ನು ಕರಗಿದ ಹಿಮದ ಕೆಸರಿನಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಾಡಿಸಿತು. ಒಂದು ಸಲ ಅದರ ಕಿವಿ ಸಿಕ್ಕಿತು, ಮರುಗಳಿಗೆ ಕಿವಿಯೂ ಇಲ್ಲ, ಅವನೂ ನಿಂತಿಲ್ಲ. ಬೇಲಿಯ ಮೇಲಿನವರು ಸಲಹೆ ಕೊಡುತ್ತಿದ್ದರು. "ವಾದ ಮಾಡು ಜೋಥಮ್, ವಾದ ಮಾಡು!" "ಮುಂದುಗಡೆ ಹಿಡ್ಕೊಳ್ಳೋ, ಅದು ಹಿಂದುಗಡೆ!" ಕೊನೆಗೆ ಆಬ್ನರನೇ ಕನಿಕರಪಟ್ಟು ಒಂದು ಬುಟ್ಟಿಯನ್ನು ಹಂದಿಯ ಮುಖಕ್ಕೆ ಮುಚ್ಚಿದ, ಅದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋದ ಹಾಗೆ ಇಬ್ಬರೂ ಸೇರಿ ಬಾಲ ಹಿಡಿದು ದಾರಿ ತೋರಿಸಿ ಅದನ್ನು ಚಳಿಗಾಲದಲ್ಲಿ ಖಾಲಿಯಿರುವ ಹುಲ್ಡಾಳ ಹೊರಗಿನ ಕುರಿಹಟ್ಟಿಗೆ ಕೂಡಿದರು. ಬೇಲಿಯವರು ಚಪ್ಪಾಳೆ ತಟ್ಟಿ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಆಬ್ನರ್ ಹೋಗಲಿಲ್ಲ. ಅಡುಗೆಮನೆಗೆ ಬಂದು, ಬೂಟನ್ನು ಒಲೆಯ ಕಡೆ ಚಾಚಿ ಕೂತ. ಹುಲ್ಡಾ ಸೈಡರ್ ಬಿಸಿಮಾಡಿ ಕೊಟ್ಟಳು. ಅವನು ಅರ್ಧ ಲೋಟ ಕುಡಿದ, ಹವೆ ಮಾತಾಡಿದ, ಲೋಟ ತಿರುಗಿಸಿ ತಿರುಗಿಸಿ ನೋಡಿದ.

"ಹೆಂಗೂ ಬಂದಿದೀನಿ," ಅಂದ ಆಮೇಲೆ. "ಜೋಥಮ್, ನಮ್ಮಪ್ಪ ಸತ್ತಾಗ ಕೆಳಗಿನ ಹುಲ್ಲುಗಾವಲು ತಂಗಿಗೆ ಅಂತ ಬಾಯಲ್ಲಿ ಹೇಳಿದ್ದ. ಬರೆದದ್ದರಲ್ಲಿ ಇಲ್ಲ. ಈಗ ಅವಳ ಗಂಡ ಕೇಳ್ತಿದಾನೆ. ನಂಗೆ ಕೊಡೋಕೆ ಮನಸ್ಸಿದೆ, ಹೆಂಡತಿಗೆ ಇಲ್ಲ. ಎರಡು ವರ್ಷದಿಂದ ಊಟ ಸೇರಿಲ್ಲ. ಪಟ್ಟಣದ ಆ ವಕೀಲನ ಹತ್ರ ಹೋದ್ರೆ ಅವನು ಮೊದಲು ಕೇಳೋದೇ ತಂಗಿ ಗಂಡನ ಮೇಲೆ ದಾವೆ ಹಾಕ್ತೀಯಾ ಅಂತ. ನಿನ್ನ ಹತ್ರ ಬರೋಣ ಅಂದ್ರೆ... ಬರೋಕಾಗ್ಲಿಲ್ಲ ಬಿಡು."

ಜೋಥಮ್ ಗಲ್ಲದ ಮೇಲಿನ ಕೆಸರನ್ನು ತೋಳಿನಿಂದ ಒರೆಸಿಕೊಂಡ. ಒರೆಸಿದ್ದರಿಂದ ಅದು ಕಿವಿಯವರೆಗೂ ಹರಡಿತು. "ನಿಮ್ಮಪ್ಪ ಹೇಳಿದಾಗ ಯಾರ್ಯಾರು ಇದ್ರು?" ಎಂದು ಕೇಳಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಬ್ನರ್ ಹೇಳತೊಡಗಿದ. ಅವನಪ್ಪನ ಕಾಯಿಲೆಯಿಂದ ಶುರುವಾಯಿತು, ಆ ವರ್ಷದ ಆಲೂಗೆಡ್ಡೆಗೆ ಹೋಯಿತು, ತಂಗಿಯ ಮದುವೆಗೆ ಬಂತು. ಜೋಥಮ್ ನಡುವೆ ಬಾಯಿ ಹಾಕಲಿಲ್ಲ. ಅವನಿಗೆ ಕೇಳಲು ಇಡೀ ದಿನವಿದ್ದಂತಿತ್ತು.

ಹೊರಗೆ ಹಿಮಗಾಡಿ ಬಂದು ನಿಂತಿತು. ಟ್ರೈಫೀನಾ ಬಾನೆಟ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ಅಪ್ಪ, ನಾನು ಹೊರಟೆ. ನನ್ನ ಗಂಡ ನಾಡಿದ್ದು ಬಾಸ್ಟನ್ನಿಗೆ ಹೋಗ್ತಿದಾರೆ. ನಿಮ್ಮ ಗೆಳೆಯರು ಕೇಳ್ತಾರೆ. ಏನಂತ ಹೇಳಲಿ?"

ಹುಲ್ಡಾ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ.

"ಹೇಳು," ಅಂದ ಜೋಥಮ್, "ನಾನು ಅಧಿಕಾರದಲ್ಲಿದೀನಿ, ಬಿಟ್ಟು ಬರೋ ಹಾಗಿಲ್ಲ ಅಂತ. ಪ್ರಮಾಣ ಮಾಡಿ ಆಗಿದೆ."

"ಅವಧಿ ಒಂದೇ ವರ್ಷ," ಅಂದ ಆಬ್ನರ್. "ಆಮೇಲೆ ಬೇರೆ ಮದುವೆ ಆಗ್ಬೇಕು."

"ನನ್ನ ಹೆಂಡತಿ ಒಪ್ತಾಳಾ ಕೇಳ್ನೋಡು."

"ಕೇಳೋದೇನು, ಸೌಟು ಕೈಲೇ ಇದೆ," ಅಂದಳು ಹುಲ್ಡಾ, ಇನ್ನೂ ಅತ್ತಲೇ ಮುಖ ಮಾಡಿಕೊಂಡು.

ಟ್ರೈಫೀನಾ ನಕ್ಕಳು. ಅವಳು ಬಾಗಿಲಿನಿಂದ ಒಳಗೆ ಬಂದು, ತಂದೆಯ ಕೆಸರುಗಲ್ಲಕ್ಕೆ ಮುತ್ತಿಟ್ಟು, ಎಂದಿನ ಹಾಗೆ ಹುಲ್ಡಾಳ ಹತ್ತಿರ ಬಂದು ನಿಂತಳು.

"ಸಕ್ಕರೆ ಕಾಯಿಸೋದು ಇನ್ನೂ ಎಷ್ಟು ದಿನ ಇರುತ್ತೆ?" ಎಂದು ಕೇಳಿದಳು.

"ರಾತ್ರಿ ಹಿಮ ಗಟ್ಟಿಯಾಗ್ತಿರೋವರೆಗೆ. ಯಾಕೆ?"

"ಮಕ್ಕಳನ್ನ ಕರ್ಕೊಂಡು ಬರೋಣ ಅಂತ. ಅವರು ನೋಡೇ ಇಲ್ಲ."

"ಕರ್ಕೊಂಡು ಬಾ," ಅಂದಳು ಹುಲ್ಡಾ. "ಗಟ್ಟಿ ಬೂಟು ಹಾಕಿಸ್ಕೊಂಡು ಬಾ."

ಗಾಡಿಯ ಗಂಟೆಗಳು ಇಳಿಜಾರಿನಲ್ಲಿ ದೂರವಾದವು. ಆಬ್ನರ್ ಅಷ್ಟು ಹೊತ್ತಿಗೆ ಹುಲ್ಲುಗಾವಲನ್ನು ಬಿಟ್ಟು ತನ್ನ ಅಜ್ಜನ ಕಾಲದ ಒಂದು ಹಸುವಿನ ಜಗಳಕ್ಕೆ ಹೋಗಿದ್ದ. ಅವನ ಲೋಟ ಖಾಲಿಯಾಗಿತ್ತು. ಹುಲ್ಡಾ ಅದನ್ನು ತೆಗೆದುಕೊಂಡು ಮತ್ತೆ ತುಂಬಿಸಿದಳು.